ಬಣ್ಣದ ಗಾಜಿಗೆ ಚಿತ್ರ ಎಲ್ಲಿಂದ ಹುಡುಕುವುದು?

ಸ್ಟೇನ್ಡ್ ಗ್ಲಾಸ್, ಅಂದರೆ ಬಣ್ಣದ ಗಾಜಿನ ತುಂಡು ಜೋಡಿಸಿ ಚಿತ್ರ ಮಾಡುವ ಕಲೆ, ಕಲಿಯಲು ಶುರು ಮಾಡಿದ ಹೆಚ್ಚಿನವರು ಒಂದೇ ಕಡೆ ಬಂದು ನಿಂತುಬಿಡುತ್ತಾರೆ. ಗಾಜು ಕತ್ತರಿಸುವುದು ಬಂದಿರುತ್ತದೆ. ಅಂಚಿಗೆ ತಾಮ್ರದ ಟೇಪ್ ಸುತ್ತಿ ಬೆಸುಗೆ ಹಾಕುವುದೂ ಬಂದಿರುತ್ತದೆ. ಆದರೆ ಖಾಲಿ ಹಾಳೆ ಮುಂದೆ ಕೂತರೆ ಏನು ಬರೆಯಬೇಕೆಂದೇ ತೋಚುವುದಿಲ್ಲ. ಆಗ ಮೊಬೈಲ್ ತೆಗೆದು ಹುಡುಕುತ್ತಾರೆ. ಅಲ್ಲಿ ಸಿಗುವುದು ಅದೇ ಸೂರ್ಯಕಾಂತಿ, ಅದೇ ಟ್ಯುಲಿಪ್, ಅದೇ ಹಮ್ಮಿಂಗ್‌ಬರ್ಡ್. ಹಮ್ಮಿಂಗ್‌ಬರ್ಡ್ ನಮ್ಮ ದೇಶದಲ್ಲೇ ಇಲ್ಲ! ಮನೆಯ ದಾಸವಾಳದ ಗಿಡಕ್ಕೆ ದಿನಾ ಬರುವ ಸೂರಕ್ಕಿಯನ್ನು ಬಿಟ್ಟು ಅಮೆರಿಕದ ಹಕ್ಕಿಯನ್ನು ಯಾಕೆ ಕತ್ತರಿಸಬೇಕು, ಅಲ್ವಾ?

ಕಾಗದದ ಮೇಲೆ ಚಂದ ಕಾಣುವ ಚಿತ್ರವೆಲ್ಲ ಗಾಜಿನಲ್ಲಿ ಚಂದ ಕಾಣುವುದಿಲ್ಲ. ಈ ಕೆಲಸಕ್ಕೆ ಮುಖ್ಯವಾಗಿ ಎರಡು ಬೇಕು. ಒಂದು, ಹಿಂದಿನಿಂದ ಬೆಳಕು ಬಿದ್ದಾಗ ಅರಳುವ ಬಣ್ಣ. ಇನ್ನೊಂದು, ತುಂಡುಗಳನ್ನು ಹಿಡಿದು ನಿಲ್ಲಿಸುವ ಕಪ್ಪು ಗೆರೆ. ಈ ಎರಡೂ ಮೊದಲೇ ಇರುವ ವಸ್ತುಗಳನ್ನು ಹುಡುಕಿದರೆ ಅರ್ಧ ವಿನ್ಯಾಸ ಮುಗಿದಂತೆ. ಅಂಥವು ನಮ್ಮ ಸುತ್ತ ಬೇಕಾದಷ್ಟಿವೆ. ಹುಡುಕುವ ಕ್ರಮ ಹೀಗಿದೆ.

ಮೊದಲು ಕಿಟಕಿ, ಆಮೇಲೆ ಚಿತ್ರ

ಪೆನ್ಸಿಲ್ ಹಿಡಿಯುವ ಮೊದಲು ಫಲಕ ಎಲ್ಲಿ ತೂಗುತ್ತದೆ ಅಂತ ತೀರ್ಮಾನ ಮಾಡಿ. ಆ ಕಿಟಕಿಯ ಮುಂದೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ಒಮ್ಮೊಮ್ಮೆ ನಿಂತು ನೋಡಿ. ಬಿಸಿಲು ನೇರ ಬೀಳುತ್ತದೆಯೇ? ಆಕಾಶ ಕಾಣುತ್ತದೆಯೇ? ಇಲ್ಲಾ ಆರು ಅಡಿ ಆಚೆಗೆ ಪಕ್ಕದ ಮನೆಯ ಗೋಡೆ ಇದೆಯೇ?

ಇದನ್ನು ನೋಡಲೇಬೇಕು. ಯಾಕೆಂದರೆ ಬಣ್ಣದ ಗಾಜಿನಲ್ಲಿ ಮುಖ್ಯವಾಗಿ ಎರಡು ಜಾತಿ ಇವೆ. ಆಚೆಯದೆಲ್ಲ ಕಾಣುವಂಥ ಪಾರದರ್ಶಕ ಗಾಜು ಒಂದು. ಹಾಲು ಬೆರೆಸಿದಂತೆ ಮಬ್ಬಾಗಿರುವ ಓಪಲ್ ಗಾಜು ಇನ್ನೊಂದು. ಪಾರದರ್ಶಕ ಗಾಜಿಗೆ ಬಿಸಿಲು ಸಿಕ್ಕರೆ ನೆಲದ ಮೇಲೆ ಬಣ್ಣ ಚೆಲ್ಲುತ್ತದೆ. ಆದರೆ ಹಿಂದೆ ಗೋಡೆ ಇದ್ದರೆ ಆ ಗೋಡೆಯೇ ಕಾಣುತ್ತದೆ, ಪೈಪ್ ಸಮೇತ. ಓಪಲ್ ಗಾಜು ಬೆಳಕನ್ನು ತನ್ನೊಳಗೇ ಹರಡಿಕೊಳ್ಳುತ್ತದೆ. ಹಿಂದಿನ ಗಲೀಜು ಮುಚ್ಚುತ್ತದೆ, ಕಡಿಮೆ ಬೆಳಕಿನಲ್ಲೂ ಬಣ್ಣ ತೋರುತ್ತದೆ.

ಹಾಗಾಗಿ ಪೂರ್ವದ ಕಿಟಕಿಗೆ ಹೊಂದುವ ಚಿತ್ರ ಬಚ್ಚಲುಮನೆಯ ಕಿಟಕಿಗೆ ಹೊಂದಬೇಕಿಲ್ಲ. ಇರಾನಿನ ಶಿರಾಜ್ ನಗರದಲ್ಲಿ ನಸೀರ್ ಅಲ್-ಮುಲ್ಕ್ ಮಸೀದಿ ಇದೆ, 1888ರಲ್ಲಿ ಮುಗಿದದ್ದು. ಅಲ್ಲಿ ಮರದ ಚೌಕಟ್ಟಿನ ಬಣ್ಣದ ಗಾಜುಗಳಿಂದ ಬೀಳುವ ಬೆಳಕು ನೋಡಲು ಜನ ಬೆಳಗ್ಗೆಯೇ ಹೋಗುತ್ತಾರೆ. ಗಾಜಿನ ಆಕಾರ ತೀರಾ ಸರಳ. ಅಲ್ಲಿ ಮ್ಯಾಜಿಕ್ ಮಾಡುವುದು ಎಳೆ ಬಿಸಿಲು ಮತ್ತು ಅದು ಬೀಳುವ ಕಾರ್ಪೆಟ್ಟು. ನಿಮ್ಮ ಕಿಟಕಿಗೂ ಹಾಗೆ ನೇರ ಬಿಸಿಲಿದ್ದರೆ ಚಿತ್ರ ಸರಳವಾಗಿದ್ದಷ್ಟೂ ಒಳ್ಳೆಯದು. ದೊಡ್ಡ ತುಂಡು, ನಾಲ್ಕೈದು ಬಣ್ಣ ಸಾಕು.

ಇನ್ನೊಂದು ವಿಷಯ. ರಾತ್ರಿ ಒಳಗಿನಿಂದ ನೋಡಿದರೆ ಪಾರದರ್ಶಕ ಗಾಜಿನ ಫಲಕ ಬಹುತೇಕ ಕಪ್ಪು. ಆಗ ಅದು ಚಂದ ಕಾಣುವುದು ರಸ್ತೆಯಲ್ಲಿ ಹೋಗುವವರಿಗೆ. ಸಂಜೆ ಮೇಲೆ ಮಾತ್ರ ಮನೆಯಲ್ಲಿ ಇರುವವರು ಓಪಲ್ ಗಾಜು ಹಿಡಿಯುವುದು ಲೇಸು, ಅಥವಾ ಹಿಂದೆ ದೀಪ ಇಡುವ ಲ್ಯಾಂಪಿನ ಬಗ್ಗೆ ಯೋಚಿಸಬಹುದು.

ಹಳೇ ಗಾಜು ನೋಡಲು ಹೋಗಿ, ಮುಖ ಬಿಟ್ಟು ಅಂಚು ನೋಡಿ

ಪುಸ್ತಕದಲ್ಲಿ, ಪರದೆಯಲ್ಲಿ ನೋಡುವುದಕ್ಕೂ ಎದುರು ನಿಂತು ನೋಡುವುದಕ್ಕೂ ಅಜಗಜಾಂತರ. ಕರ್ನಾಟಕದಲ್ಲಿದ್ದರೆ ಮೊದಲು ಮೈಸೂರಿಗೆ ಹೋಗಿ. 1897ರಿಂದ 1912ರ ನಡುವೆ ಕಟ್ಟಿದ ಅರಮನೆಯ ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿ ನಿಲ್ಲಿ. ಎಂಟು ಮೂಲೆಯ ಮಂಟಪ, ಕಬ್ಬಿಣದ ಕಂಬಗಳು, ಮೇಲೆ ನವಿಲುಗಳ ಬಣ್ಣದ ಗಾಜಿನ ಚಾವಣಿ. ಗಾಜು, ಕಬ್ಬಿಣ ಎರಡೂ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ತಯಾರಾಗಿ ಬಂದವು, ನವಿಲು ಮಾತ್ರ ನಮ್ಮದೇ. ಕುತ್ತಿಗೆ ನೋಯುವವರೆಗೂ ನೋಡಿ, ಆದರೆ ಸುಮ್ನೆ ಬೆರಗಾಗಿ ಬರಬೇಡಿ. ಗಾಜಿನ ಗೆರೆ ಎಲ್ಲಿ ಮುಗಿದು ಕಬ್ಬಿಣದ ಪಟ್ಟಿ ಎಲ್ಲಿ ಶುರುವಾಗುತ್ತದೆ ಅಂತ ಗಮನಿಸಿ. ಅಷ್ಟು ದೊಡ್ಡ ಚಾವಣಿಯ ಭಾರವನ್ನು ಗಾಜಿನ ತುಂಡುಗಳನ್ನು ಹಿಡಿದಿಡುವ ಸೀಸದ ಪಟ್ಟಿ ಒಂದೇ ಹೊರುವುದಿಲ್ಲ. ಹೊರುವ ಕಬ್ಬಿಣವನ್ನೇ ವಿನ್ಯಾಸದ ಭಾಗ ಮಾಡಿದ್ದಾರೆ.

ಅದೇ ಊರಿನ ಸೇಂಟ್ ಫಿಲೋಮಿನಾ ಚರ್ಚಿನ ಕಿಟಕಿಗಳಲ್ಲಿ ಯೇಸುವಿನ ಜನನ, ಕೊನೆಯ ಭೋಜನ, ಶಿಲುಬೆಯಂಥ ದೃಶ್ಯಗಳಿವೆ. ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದ ಬಣ್ಣದ ಕಿಟಕಿಗಳನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ತೆಗೆದಿಟ್ಟು 1947ರಲ್ಲಿ ಮತ್ತೆ ಕೂರಿಸಿದರು. ಬೀದರ್, ಕಲಬುರಗಿ ಕಡೆಯವರಿಗೆ ತೆಲಂಗಾಣದ ಮೇದಕ್ ಕೆಥೆಡ್ರಲ್ ಎಂಬ ದೊಡ್ಡ ಚರ್ಚು ಹತ್ತಿರ. 1924ರಲ್ಲಿ ಮುಗಿದ ಆ ಕಟ್ಟಡದಲ್ಲಿ ಬಣ್ಣದ ಗಾಜಿನ ಮೂರು ದೊಡ್ಡ ಕಿಟಕಿಗಳಿವೆ. ಇವನ್ನೆಲ್ಲ ಹಗಲಿನಲ್ಲೇ ನೋಡಬೇಕು. ಪ್ರಾರ್ಥನೆ ಇಲ್ಲದ ಹೊತ್ತು ಕೇಳಿಕೊಂಡು ಹೋದರೆ ನಿಧಾನವಾಗಿ ಕೂತು ನೋಡಬಹುದು.

ಹೊಸಬರು ಚರ್ಚಿನ ಕಿಟಕಿ ನೋಡಿ ಬಂದ ಕೂಡಲೇ ಮುಖ ಬರೆಯಲು ಹೊರಡುತ್ತಾರೆ. ಬೇಡ. ಆ ಕಣ್ಣು, ಮೂಗು, ಬಟ್ಟೆಯ ನೆರಿಗೆ ಯಾವುದೂ ಗಾಜು ಕತ್ತರಿಸಿ ಮಾಡಿದ್ದಲ್ಲ. ಗಾಜಿನ ಪುಡಿ, ಲೋಹದ ಆಕ್ಸೈಡ್ ಬೆರೆಸಿದ ಬಣ್ಣದಲ್ಲಿ ಬರೆದು, 600 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಶಾಖದ ಕುಲುಮೆಯಲ್ಲಿ ಸುಟ್ಟದ್ದು. ಕುಲುಮೆ ಇಲ್ಲದ ನಮಗೆ ಅದು ಸದ್ಯಕ್ಕೆ ದೂರದ ಮಾತು. ಅದರ ಬದಲು ಚಿತ್ರದ ಸುತ್ತಲಿನ ಅಂಚು ನೋಡಿ, ಹಿನ್ನೆಲೆ ನೋಡಿ, ಕಮಾನಿನ ತುದಿಯ ಸಣ್ಣ ಹೂ ನೋಡಿ. ಅಲ್ಲಿ ಶುದ್ಧ ಗಾಜು ಮತ್ತು ಸೀಸದ ಆಟ ಇರುತ್ತದೆ. ಎರಡೇ ಬಣ್ಣದ ತುಂಡು ಹೇಗೆ ಸರತಿಯಲ್ಲಿ ಬರುತ್ತವೆ, ಕೆಂಪಿನ ಪಕ್ಕ ನೀಲಿ ಇಟ್ಟಾಗ ನೀಲಿ ಹೇಗೆ ತನ್ನ ಅಳತೆಗಿಂತ ದೊಡ್ಡದಾಗಿ ಕಾಣುತ್ತದೆ, ನಡುವೆ ಬಿಳಿ ಎಳೆ ಯಾಕಿದೆ ಎಂಬುದೆಲ್ಲ ಕಲಿಯುವುದು ಅಲ್ಲೇ.

ನೋಡುವಾಗ ಒಂದು ಅಭ್ಯಾಸ ಮಾಡಿ. ನೋಟ್‌ಬುಕ್ಕಿನಲ್ಲಿ ಬಣ್ಣ ಬರೆಯಬೇಡಿ, ಕಪ್ಪು ಗೆರೆ ಮಾತ್ರ ಎಳೆಯಿರಿ. ಅರ್ಧ ಕಣ್ಣು ಮುಚ್ಚಿ ನೋಡಿದರೆ ಚಿಕ್ಕಪುಟ್ಟ ವಿವರ ಕರಗಿ ಗೆರೆಗಳು ಉಳಿಯುತ್ತವೆ. ಇದಕ್ಕೆ ಚಿತ್ರ ಬಿಡಿಸಲು ಬರಬೇಕು ಅಂತೇನಿಲ್ಲ. ಒಂದು ಕಿಟಕಿಯ ಗೆರೆಗಳನ್ನು ಕೈಯಾರೆ ಎಳೆದವರಿಗೆ ತುಂಡುಗಳ ಲೆಕ್ಕ ತಾನಾಗಿ ಹಿಡಿಯುತ್ತದೆ. ನೂರು ಫೋಟೋ ತೆಗೆದು ಬಂದವರಿಗೆ ಹಿಡಿಯುವುದಿಲ್ಲ.

ಚರ್ಚು, ಅರಮನೆ ಹತ್ತಿರ ಇಲ್ಲದವರು ಊರಿನ ಹಳೇ ಮನೆಗಳನ್ನು ನೋಡಲಿ. ಬಾಗಿಲ ಮೇಲಿನ ಕಮಾನಿನಲ್ಲಿ, ಕಿಟಕಿಯ ಮೇಲ್ಭಾಗದಲ್ಲಿ ಕೆಂಪು, ಹಸಿರು, ನೀಲಿ, ಹಳದಿ ಗಾಜು ಕೂರಿಸಿದ ಮನೆ ಇನ್ನೂ ಅಲ್ಲಲ್ಲಿ ಉಳಿದಿವೆ. ಬೆಸುಗೆಯೇ ಇಲ್ಲದೆ ಬಡಗಿ ಮರದ ಪಟ್ಟಿಯಲ್ಲೇ ಕೆಲಸ ಮುಗಿಸಿರುತ್ತಾನೆ. ಮನೆ ಕೆಡವುವ ಸುದ್ದಿ ಬಂದರೆ ಆ ಗಾಜು ಕೇಳಿ ತಂದಿಟ್ಟುಕೊಳ್ಳಿ. ಅಂಥ ಬಣ್ಣ ಅಂಗಡಿಯಲ್ಲಿ ಹುಡುಕಿದರೂ ಸಿಗದೇ ಹೋಗಬಹುದು.

ಬಿಸಿಲಿಗೆ ಹಿಡಿದು ನೋಡಿ

ಮುಂದಿನ ಹೆಜ್ಜೆಗೆ ಎಲ್ಲಿಗೂ ಹೋಗಬೇಕಿಲ್ಲ. ಹಿತ್ತಲು, ಪಾರ್ಕು, ತರಕಾರಿ ಬುಟ್ಟಿ ಸಾಕು. ಕೈಗೆ ಸಿಕ್ಕಿದ್ದನ್ನೆಲ್ಲ ಸೂರ್ಯನಿಗೆ ಅಡ್ಡ ಹಿಡಿದು ಹಿಂದಿನಿಂದ ಬೆಳಕು ಬರುವಂತೆ ನೋಡಿ. ಮೇಲಿನಿಂದ ಬೆಳಕು ಬಿದ್ದ ಎಲೆ ಒಂದೇ ಹಸಿರು. ಹಿಂದಿನಿಂದ ಬೆಳಕು ಬಿದ್ದರೆ ಅದೇ ಎಲೆಯಲ್ಲಿ ನರ, ನರದ ನಡುವಿನ ಮನೆಗಳು, ಎಳೆ ಭಾಗ, ಬಲಿತ ಭಾಗ ಬೇರೆ ಬೇರೆ ಕಾಣುತ್ತವೆ.

ಬಾಳೆ ಎಲೆ ಶುರು ಮಾಡುವವರಿಗೆ ಹೇಳಿ ಮಾಡಿಸಿದ್ದು. ನಡುವೆ ದಪ್ಪ ದಿಂಡು, ಅದರಿಂದ ಎರಡೂ ಕಡೆ ಹೊರಡುವ ಗೆರೆಗಳು. ಗಾಳಿಗೆ ಸೀಳಿದ ಎಲೆಯಾದರೆ ಇನ್ನೂ ಒಳ್ಳೆಯದು, ಸೀಳು ಇರುವ ಕಡೆ ಬೇರೆ ಬಣ್ಣದ ಗಾಜು ಇಡಬಹುದು. ಬೋಗನ್‌ವಿಲ್ಲಾ, ಅಂದರೆ ಕಾಗದದ ಹೂ, ಬಿಸಿಲಿನಲ್ಲಿ ನಿಜಕ್ಕೂ ಕಾಗದದಂತೆ ಬೆಳಕು ಬಿಡುತ್ತದೆ. ಮುತ್ತುಗದ ಹೂವಿನ ಮೊಗ್ಗು ಗಿಣಿಕೊಕ್ಕಿನ ಆಕಾರದ್ದು, ಒಂದೇ ಬಾಗಿನ ಎರಡು ತುಂಡಿನಲ್ಲಿ ಬಂದುಬಿಡುತ್ತದೆ. ಅರಳಿ ಎಲೆ ನೀರಿನಲ್ಲಿ ಕೊಳೆಸಿ ಜಾಲರಿ ಮಾಡಿ ಪುಸ್ತಕದಲ್ಲಿಟ್ಟ ನೆನಪು ಬಹಳ ಜನಕ್ಕೆ ಇರುತ್ತದೆ. ಗಾಜಿಗೂ ಅದು ಒಳ್ಳೆಯ ವಸ್ತುವೇ, ಒಂದೇ ತೊಂದರೆ ಅದರ ಉದ್ದನೆಯ ಬಾಲ. ಸೂಜಿಯಂಥ ತುದಿ ಕತ್ತರಿಸುವಾಗಲೇ ಮುರಿಯುತ್ತದೆ. ಗಾಜನ್ನು ಅಗಲ ಇರುವಲ್ಲಿಗೆ ನಿಲ್ಲಿಸಿ, ಬಾಲವನ್ನು ತಾಮ್ರದ ತಂತಿಯಲ್ಲಿ ಬಾಗಿಸಿ ಬೆಸೆಯಿರಿ.

ಆದರೆ ಹೂ, ಎಲೆಗಿಂತ ರೆಕ್ಕೆ ನನಗೆ ಹೆಚ್ಚು ಇಷ್ಟ. ಏರೋಪ್ಲೇನ್ ಚಿಟ್ಟೆ ಅಂತ ಮಕ್ಕಳು ಕರೆಯುವ ಡ್ರ್ಯಾಗನ್‌ಫ್ಲೈಯ ರೆಕ್ಕೆಯಲ್ಲಿ ದೇವರೇ ಬೆಸುಗೆ ಹಾಕಿಟ್ಟಿದ್ದಾನೆ. ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಅಂತೂ ಇದಕ್ಕೆಂದೇ ಹುಟ್ಟಿದಂತಿದೆ. ಗಂಡು ಚಿಟ್ಟೆಯ ಹಿಂದಿನ ರೆಕ್ಕೆಯಲ್ಲಿ ಹೊನ್ನಿನ ಹಳದಿ ಮನೆಗಳು, ಒಂದೊಂದರ ಸುತ್ತ ಕಪ್ಪು ನರ. ಬಿಡಿಸುವವರು ಸೇರಿಸಬೇಕಾದ್ದೇನೂ ಇಲ್ಲ. ಮುಂದಿನ ಕಪ್ಪು ರೆಕ್ಕೆಗೆ ಪೂರಾ ಕಪ್ಪು ಗಾಜು ಹಾಕಿದರೆ ಕಿಟಕಿಯಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಬೂದು ಅಥವಾ ಕಡು ಕಂದು ಬಣ್ಣದ ಪಾರದರ್ಶಕ ಗಾಜು ಹಾಕಿ, ಬೆಳಕು ಸ್ವಲ್ಪವಾದರೂ ಬರಲಿ.

ನಮ್ಮ ಕಲೆಗಳಲ್ಲಿ ಇದರ ನೆಂಟರು

ಬಣ್ಣದ ಗಾಜು ಯುರೋಪಿನಿಂದ ಬಂದದ್ದು ನಿಜ. ಆದರೆ ಬಣ್ಣದ ಹಿಂದೆ ದೀಪವಿಟ್ಟು ಕತೆ ಹೇಳುವುದು ನಮಗೆ ಹೊಸದಲ್ಲ. ತೊಗಲುಗೊಂಬೆಯಾಟ ನೆನೆಸಿಕೊಳ್ಳಿ. ತೊಗಲನ್ನು ಹದ ಮಾಡಿ ಬೆಳಕು ತೂರುವಷ್ಟು ತೆಳ್ಳಗೆ ಮಾಡುತ್ತಾರೆ. ಕಪ್ಪಿನಲ್ಲಿ ಗಟ್ಟಿ ಗೆರೆ ಎಳೆದು ಒಳಗೆ ಕೆಂಪು, ಹಸಿರು ತುಂಬುತ್ತಾರೆ. ಒಡವೆ, ಅಂಚು ಬರಬೇಕಾದ ಕಡೆ ಸಣ್ಣ ತೂತು ಕೊರೆಯುತ್ತಾರೆ. ಹಿಂದೆ ದೀಪ, ಮುಂದೆ ಬಿಳಿ ಪರದೆ. ಗೆರೆ, ಬಣ್ಣ, ಬೆಳಕು ಮೂರೂ ಇಲ್ಲಿವೆ.

ತೊಗಲುಗೊಂಬೆ ಎಲ್ಲಾದರೂ ಸಿಕ್ಕರೆ, ಜಾನಪದ ವಸ್ತುಸಂಗ್ರಹಾಲಯದಲ್ಲೋ ಆಟದಲ್ಲೋ, ಕಲಾವಿದರು ಬಿಟ್ಟದ್ದೇನು ಅಂತ ನೋಡಿ. ಮುಖ ಪಕ್ಕದಿಂದ ಕಾಣುತ್ತದೆ, ಕಣ್ಣು ಮಾತ್ರ ಮೀನಿನಷ್ಟು ದೊಡ್ಡದು. ಬಟ್ಟೆಯ ಮಡಿಕೆ ತೋರಿಸುವ ಗೋಜಿಗೆ ಹೋಗದೆ ಪಟ್ಟೆ, ಚುಕ್ಕಿಯಲ್ಲೇ ಮುಗಿಸುತ್ತಾರೆ. ಮನುಷ್ಯರ ಆಕಾರ ಮಾಡಲೇಬೇಕು ಅನ್ನುವವರು ಚರ್ಚಿನ ಮುಖಕ್ಕಿಂತ ಈ ದಾರಿ ಹಿಡಿದರೆ ಕುಲುಮೆ ಇಲ್ಲದೆಯೂ ಗೆಲ್ಲಬಹುದು. ತೂತಿನಿಂದ ಬರುವ ಮಿನುಗಿಗೆ ಗಾಜಿನಲ್ಲಿ ಬದಲಿ ಇದೆ: ತಳ ಚಪ್ಪಟೆ ಇರುವ ಗಾಜಿನ ಗುಂಡು, ಗೋಲಿಯಂಥವು. ಅವಕ್ಕೂ ತಾಮ್ರದ ಟೇಪ್ ಸುತ್ತಿ ನಡುನಡುವೆ ಕೂರಿಸಬಹುದು.

ಕಸೂತಿ ಇನ್ನೊಂದು ಖಜಾನೆ. ಇಳಕಲ್ ಸೀರೆಯ ಮೇಲಿನ ಗೋಪುರ, ತೇರು, ಆನೆ, ತುಳಸಿ ಕಟ್ಟೆ ಎಲ್ಲವೂ ಎಳೆ ಎಣಿಸಿ ಹಾಕಿದ್ದು. ಹಾಗಾಗಿ ಗೆರೆಗಳು ನೇರ, ಮೂಲೆಗಳು ಲೆಕ್ಕದ್ದು. ನೇರ ಗೆರೆಯ ಗಾಜು ಕತ್ತರಿಸುವುದು ಸುಲಭ. ಆದರೆ ಇಡೀ ಸೆರಗನ್ನು ಫಲಕಕ್ಕೆ ಇಳಿಸಲು ಹೋಗಬೇಡಿ. ಒಂದೇ ಒಂದು ಗೋಪುರ ತೆಗೆದುಕೊಂಡು ಗೇಣುದ್ದಕ್ಕೆ ಹಿಗ್ಗಿಸಿ. ಸೀರೆಯ ಬಣ್ಣಗಳ ಜೋಡಿಯನ್ನೂ ಹಾಗೇ ಎತ್ತಿಕೊಳ್ಳಿ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕೆಂಪು, ಹಸಿರು, ಬಿಳಿ, ಹಳದಿ ದಾರ ಯಾವ ಪ್ರಮಾಣದಲ್ಲಿದೆ ಅಂತ ಬರೆದಿಟ್ಟುಕೊಂಡರೆ ಬಣ್ಣ ಆರಿಸುವ ತಲೆನೋವೇ ಮುಗಿಯಿತು.

ರಂಗೋಲಿ ಎಲ್ಲರಿಗೂ ಮೊದಲು ಹೊಳೆಯುವುದು. ಹೊಳೆದಷ್ಟು ಸುಲಭ ಅಲ್ಲ. ಚುಕ್ಕಿಗಳ ಸುತ್ತ ಬಳಸಿಕೊಂಡು ಹೋಗುವ ಎಳೆಯ ರಂಗೋಲಿಯಲ್ಲಿ ಸುರುಳಿಗಳ ನಡುವೆ ಒಳಬಾಗಿದ ನಾಲ್ಕು ಬದಿಯ ಮನೆಗಳು ಉಳಿಯುತ್ತವೆ. ಹೊಸಬರ ಕೈಯಲ್ಲಿ ಅಂಥ ತುಂಡುಗಳು ಒಡೆಯುವುದೇ ಹೆಚ್ಚು. ಚುಕ್ಕಿಯಿಂದ ಚುಕ್ಕಿಗೆ ಗೆರೆ ಸೇರಿಸಿ ಎಸಳು, ನಕ್ಷತ್ರ ಮಾಡುವ ರಂಗೋಲಿ ಆರಿಸಿ. 7 ಚುಕ್ಕಿಯ ನಕ್ಷತ್ರ ಧಾರಾಳ ಸಾಕು.

ನಾಲ್ವರು ದೊಡ್ಡವರಿಂದ ಕದಿಯಬೇಕಾದದ್ದು

ಚಿತ್ರ ಕದಿಯುವುದು ಬೇಡ, ಕೆಲಸದ ರೀತಿ ಕದಿಯಿರಿ.

ಫ್ರಾನ್ಸಿನ ಕಲಾವಿದ ಹೆನ್ರಿ ಮಟೀಸ್ ವಾನ್ಸ್ ಎಂಬ ಊರಿನ ಚಾಪೆಲ್‌ಗೆ, ಅಂದರೆ ಚಿಕ್ಕ ಪ್ರಾರ್ಥನಾ ಮಂದಿರಕ್ಕೆ, ಕಿಟಕಿಗಳನ್ನು ಮಾಡಿಕೊಟ್ಟದ್ದು ಮುಪ್ಪಿನಲ್ಲಿ. ಅದು ಮುಗಿದದ್ದು 1951ರಲ್ಲಿ. ಅವರು ಗೆರೆ ಎಳೆದು ವಿನ್ಯಾಸ ಮಾಡಲಿಲ್ಲ. ಬಣ್ಣ ಬಳಿದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಗೋಡೆಗೆ ಅಂಟಿಸಿದರು. ಬಳಸಿದ್ದು ಮೂರೇ ಬಣ್ಣ: ಹಳದಿ, ಹಸಿರು, ನೀಲಿ. ಹಳದಿ ಮಬ್ಬು ಗಾಜು, ಉಳಿದೆರಡು ಪಾರದರ್ಶಕ. ಅಲ್ಲಿನ ದೊಡ್ಡ ಕಿಟಕಿಯ ಎಲೆಗಳಿಗೆ ಮೂಲ ಪಾಪಾಸುಕಳ್ಳಿ. ನಮ್ಮ ಬಯಲುಸೀಮೆಯಲ್ಲಿ ಬೇಲಿಗೆ ಹಾಕುವ ಅದೇ ಕಳ್ಳಿ! ನೋಡುವ ಕಣ್ಣಿದ್ದರೆ ಬೇಲಿಯೂ ಚಾಪೆಲ್ಲಿನ ಕಿಟಕಿಯಾಗುತ್ತದೆ. ನೀವೂ ಪೆನ್ಸಿಲ್ ಬದಿಗಿಟ್ಟು ಕತ್ತರಿ ಹಿಡಿಯಿರಿ. ಕತ್ತರಿಯಿಂದ ಸಲೀಸಾಗಿ ಬರುವ ಆಕಾರ ಗಾಜಿನಲ್ಲೂ ಬಹುಮಟ್ಟಿಗೆ ಬರುತ್ತದೆ. ಕತ್ತರಿಯೇ ತಡವರಿಸಿದರೆ ಗಾಜು ಖಂಡಿತ ಒಡೆಯುತ್ತದೆ.

ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1912ರಲ್ಲಿ ಇಲಿನಾಯ್ ರಾಜ್ಯದಲ್ಲಿ ಮಕ್ಕಳ ಆಟದ ಮನೆಯೊಂದಕ್ಕೆ ಕಿಟಕಿ ಮಾಡಿದರು. ಬಲೂನು, ಧ್ವಜ, ಮೆರವಣಿಗೆಯಲ್ಲಿ ಹಾರುವ ಬಣ್ಣದ ಚೂರು, ಎಲ್ಲವೂ ವೃತ್ತ ಮತ್ತು ಚೌಕದಲ್ಲಿ. ಕಿಟಕಿಯ ಬಹುಭಾಗ ಬಣ್ಣವಿಲ್ಲದ ಗಾಜು. ಬಣ್ಣ ಅಲ್ಲಲ್ಲಿ ಮಾತ್ರ, ಆದ್ದರಿಂದಲೇ ಅದು ಕುಣಿಯುತ್ತದೆ. ಎಲ್ಲ ತುಂಡಿಗೂ ಬಣ್ಣ ತುಂಬಲೇಬೇಕು ಅಂತ ಹೊಸಬರು ತಿಳಿದಿರುತ್ತಾರೆ. ತುಂಬಬೇಕಿಲ್ಲ. ಕಿಟಕಿಗೆ ಹಾಕುವ ಬಿಳಿ ಡಿಸೈನ್ ಗಾಜು ಊರಿನ ಯಾವ ಗಾಜಿನಂಗಡಿಯಲ್ಲೂ ಸಿಗುತ್ತದೆ, ಅಗ್ಗವೂ ಹೌದು. ಶಾಖ ಕೊಟ್ಟು ಗಟ್ಟಿ ಮಾಡಿದ ಟಫನ್ಡ್ ಗಾಜು ಮಾತ್ರ ಬೇಡ. ಅದನ್ನು ಕತ್ತರಿಸಲು ಹೋದರೆ ಇಡೀ ಹಾಳೆ ಪುಡಿಯಾಗುತ್ತದೆ.

ಅಮೆರಿಕದ ಟಿಫಾನಿ ಕಾರ್ಖಾನೆಯ ಬಣ್ಣದ ಗಾಜಿನ ದೀಪಗಳ ಹೆಸರು ಬಹಳ ಜನ ಕೇಳಿರುತ್ತಾರೆ. ಅವುಗಳಲ್ಲಿ ಬಹಳ ಹೆಸರಾದ ವಿಸ್ಟೀರಿಯಾ (ನೇರಳೆ ಹೂಗೊಂಚಲಿನ ಬಳ್ಳಿ), ಡ್ರ್ಯಾಗನ್‌ಫ್ಲೈ ದೀಪಗಳ ವಿನ್ಯಾಸ ಕ್ಲಾರಾ ಡ್ರಿಸ್ಕಾಲ್ ಎಂಬ ಹೆಣ್ಣುಮಗಳದ್ದು. ನ್ಯೂಯಾರ್ಕಿನ ಆ ಕಾರ್ಖಾನೆಯಲ್ಲಿ ಗಾಜು ಆರಿಸಿ ಕತ್ತರಿಸುವ ಹೆಂಗಸರ ವಿಭಾಗಕ್ಕೆ ಅವರು ಮುಖ್ಯಸ್ಥೆ. ಕೀರ್ತಿಯೆಲ್ಲ ಮಾಲೀಕರಿಗೆ ಹೋಗಿತ್ತು. ಕ್ಲಾರಾ ಮನೆಗೆ ಬರೆದ ಪತ್ರಗಳು ಬೆಳಕಿಗೆ ಬಂದ ಮೇಲೆ, ಸುಮಾರು ನೂರು ವರ್ಷ ತಡವಾಗಿ, ಜಗತ್ತಿಗೆ ವಿಷಯ ಗೊತ್ತಾಯಿತು. ವಿಸ್ಟೀರಿಯಾ ದೀಪದಲ್ಲಿ ಹೆಚ್ಚುಕಡಿಮೆ 2,000 ತುಂಡುಗಳಿವೆ. ಲೆಕ್ಕ ಕೇಳಿ ಹೆದರಬೇಡಿ, ಕಲಿಯಬೇಕಾದ್ದು ಗಾಜು ಆರಿಸುವ ರೀತಿ. ಒಂದೇ ಹಾಳೆಯಲ್ಲಿ ನೇರಳೆಯಿಂದ ಬಿಳಿಗೆ ಜಾರುವ ಗಾಜಿದ್ದರೆ ಎಸಳಿನ ಬುಡಕ್ಕೆ ಕಡು ಭಾಗ, ತುದಿಗೆ ತಿಳಿ ಭಾಗ ಬರುವಂತೆ ಹಾಳೆಯ ಮೇಲೆ ನಮೂನೆ ತಿರುಗಿಸಿ ಕತ್ತರಿಸುತ್ತಿದ್ದರು. ಕುಂಚ ಇಲ್ಲದೆಯೇ ನೆರಳು ಬೀಳುತ್ತಿತ್ತು.

ನಾಲ್ಕನೆಯವರು ಜರ್ಮನಿಯ ಕಲಾವಿದ ಗೆರ್ಹಾರ್ಡ್ ರಿಕ್ಟರ್. ಕಲೋನ್ ಕೆಥೆಡ್ರಲ್‌ಗೆ 2007ರಲ್ಲಿ ಅವರು ಮಾಡಿಕೊಟ್ಟ ಕಿಟಕಿಯಲ್ಲಿ ಸಂತರಿಲ್ಲ, ಕತೆಯಿಲ್ಲ. 72 ಬಣ್ಣಗಳ 11,000ಕ್ಕೂ ಹೆಚ್ಚು ಚೌಕಗಳು ಅಷ್ಟೇ. ಯಾವ ಬಣ್ಣ ಎಲ್ಲಿ ಎಂಬುದನ್ನು ಬಹುಪಾಲು ಕಂಪ್ಯೂಟರಿನ ಲಾಟರಿಗೆ ಬಿಟ್ಟರು. ಅಂದಹಾಗೆ, ಮೈಸೂರಿನ ಫಿಲೋಮಿನಾ ಚರ್ಚು ಕಟ್ಟಿದ್ದು ಇದೇ ಕಲೋನ್ ಕೆಥೆಡ್ರಲ್ ಮಾದರಿಯಲ್ಲಿ. ಏನೂ ಹೊಳೆಯದ ದಿನ ಈ ದಾರಿ ಹಿಡಿಯಿರಿ. ಉಳಿದ ಚೂರುಗಳನ್ನೆಲ್ಲ ಒಂದೇ ಅಳತೆಯ ಚೌಕ ಮಾಡಿ, ಚೀಟಿ ಎತ್ತಿ ಜೋಡಿಸಿ. ಬರುವ ಬಣ್ಣದ ಜೋಡಿಗಳಲ್ಲಿ ಒಂದಾದರೂ ನೀವಾಗಿ ಎಂದೂ ಯೋಚಿಸದೇ ಇದ್ದದ್ದು ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ.

ಹೊಳೆದದ್ದನ್ನು ಗೆರೆಗೆ ಇಳಿಸುವುದು

ಈಗ ಒಂದು ವಸ್ತು ಸಿಕ್ಕಿದೆ ಅಂದುಕೊಳ್ಳಿ. ಫೋಟೋವನ್ನು ಫಲಕದ ನಿಜ ಅಳತೆಗೆ ಪ್ರಿಂಟ್ ತೆಗೆಸಿ. ಮೊದಲ ಕೆಲಸಕ್ಕೆ 20 ಸೆಂ.ಮೀ. ಚೌಕ ಸಾಕು. ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಪೆನ್ಸಿಲ್ ಬದಲು ದಪ್ಪ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ದಪ್ಪ ಯಾಕೆಂದರೆ ಬೆಸುಗೆಯ ಗೆರೆ ಮುಗಿದಾಗ ಅಷ್ಟೇ ದಪ್ಪ ಇರುತ್ತದೆ. ಸಣ್ಣ ಪೆನ್ಸಿಲ್ಲಿನಲ್ಲಿ ನವಿರಾಗಿ ಕಾಣುವ ಹಕ್ಕಿಯ ಕಾಲು ಸೀಸದಲ್ಲಿ ಆನೆಯ ಕಾಲಾಗುತ್ತದೆ.

ಗಾಜು ಕತ್ತರಿಸುವ ಚಕ್ರ ಗಾಜನ್ನು ಕೊಯ್ಯುವುದಿಲ್ಲ. ಮೇಲೆ ಸಣ್ಣ ಬಿರುಕು ಎಳೆಯುತ್ತದೆ, ನಾವು ಒತ್ತಿದಾಗ ಆ ಬಿರುಕು ಹಾಳೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡುತ್ತದೆ. ನಡುವೆ ನಿಲ್ಲುವುದಿಲ್ಲ, ಮೂಲೆಯಲ್ಲಿ ತಿರುಗುವುದಿಲ್ಲ. ಏನು ಬರೆಯಬಹುದು, ಏನು ಬಾರದು ಎಂಬ ನಿಯಮವೆಲ್ಲ ಹುಟ್ಟುವುದು ಇಲ್ಲಿಂದಲೇ. ‘ಎಲ್’ ಆಕಾರದ ತುಂಡು ಬೇಡ, ಒಳಮೂಲೆಯಿಂದ ಒಡೆಯುತ್ತದೆ. ಆಳವಾದ ಒಳಬಾಗು ಬೇಡ. ಅಂಥದ್ದು ಬಂದರೆ ಅಲ್ಲಿಂದ ಇನ್ನೊಂದು ಗೆರೆ ಎಳೆದು ಎರಡು ತುಂಡು ಮಾಡಿ. ಆ ಹೊಸ ಗೆರೆ ಸುಮ್ನೆ ಎಲ್ಲೋ ಹೋಗದಿರಲಿ. ಕೊಂಬೆಯಾಗಲಿ, ಬಳ್ಳಿಯಾಗಲಿ, ಮೋಡದ ಅಂಚಾಗಲಿ. ಈ ಹೆಚ್ಚುವರಿ ಗೆರೆಗಳಿಗೆ ಒಂದು ಕೆಲಸ ಕೊಟ್ಟಿದ್ದಾರೋ ಇಲ್ಲವೋ ಅಂತ ನೋಡಿದರೆ ಪಳಗಿದ ಕೈ ಯಾವುದು ಅಂತ ತಿಳಿಯುತ್ತದೆ.

ಇನ್ನೊಂದನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಪೂರ್ತಿ ನೇರ ಗೆರೆ ಹೋದರೆ ಫಲಕ ಅಲ್ಲಿ ಕೀಲಿನಂತೆ ಮಡಚಿಕೊಳ್ಳಲು ನೋಡುತ್ತದೆ. ಬೆಟ್ಟದ ಸಾಲು, ಸಮುದ್ರದ ಅಂಚು ಬರೆಯುವವರು ಹುಷಾರು. ನಡುವೆ ಒಂದು ತೆಂಗಿನ ಮರ ನಿಲ್ಲಿಸಿ ಗೆರೆ ಮುರಿಯಿರಿ. ದೋಣಿಯೂ ಆಗಬಹುದು.

ಗೆರೆ ಮುಗಿದ ಮೇಲೆ ತುಂಡು ಎಣಿಸಿ. ಮೊದಲ ಫಲಕಕ್ಕೆ 12ರಿಂದ 15 ಇದ್ದರೆ ಸರಿ. 40 ಬಂದಿದ್ದರೆ ಚಿತ್ರ ತಪ್ಪಲ್ಲ, ಅಳತೆ ಚಿಕ್ಕದಾಯಿತು. ಹೆಬ್ಬೆರಳಿನ ಉಗುರಿಗಿಂತ ಚಿಕ್ಕ ತುಂಡು ಇದ್ದರೆ ಪಕ್ಕದ್ದಕ್ಕೆ ಸೇರಿಸಿಬಿಡಿ.

ಗಾಜು ಆರಿಸುವುದು

ಕೆಲವೊಮ್ಮೆ ಇದನ್ನು ತಿರುವುಮುರುವು ಮಾಡುವುದೇ ಚೆನ್ನ. ಚಿತ್ರವೇ ಇಲ್ಲದೆ ಗಾಜು ನೋಡಲು ಹೋಗಿ. ಪ್ರತಿ ಹಾಳೆಯನ್ನೂ ಬಾಗಿಲ ಬಳಿ ತಂದು ಬೆಳಕಿಗೆ ಹಿಡಿಯಿರಿ. ಟ್ಯೂಬ್‌ಲೈಟಿನಲ್ಲಿ ನೋಡಿ ಕೊಳ್ಳಬೇಡಿ, ಕಡು ನೀಲಿ ಅಂಗಡಿಯಲ್ಲಿ ಬರೀ ಕಪ್ಪಾಗಿ ಕಾಣಬಹುದು. ಒಂದು ಹಾಳೆಯಲ್ಲಿ ಮಳೆಗಾಲದ ಮೋಡ ಕಂಡೀತು, ಇನ್ನೊಂದರಲ್ಲಿ ಕೆರೆಯ ನೀರು. ಆಗ ಗಾಜೇ ವಿಷಯ ಕೊಟ್ಟಂತೆ. ನೀವು ಒಂದೆರಡು ಗೆರೆ ಸೇರಿಸಿದರೆ ಆಯಿತು.

ಬೆಲೆಯ ಬಗ್ಗೆ ಒಂದು ಮಾತು. ಕೆಂಪು, ಕಿತ್ತಳೆ ಬಣ್ಣ ತರಲು ಸೆಲೆನಿಯಂ, ಕ್ಯಾಡ್ಮಿಯಂ ಬೇಕು, ಕೆಲವು ಗುಲಾಬಿ ಗಾಜಿಗೆ ಚಿನ್ನವೇ ಬೇಕು. ಹಾಗಾಗಿ ಇವು ದುಬಾರಿ. ಹಸಿರು, ಕಂದು, ನೀಲಿ ಸಾಮಾನ್ಯವಾಗಿ ಅಗ್ಗ. ಕೆಂಪನ್ನು ಕುಂಕುಮದಷ್ಟೇ ಬಳಸುವ ವಿನ್ಯಾಸ ಜೇಬಿಗೂ ಒಳ್ಳೆಯದು, ಕಣ್ಣಿಗೂ ಒಳ್ಳೆಯದು. ಚೂರುಗಳ ಡಬ್ಬಿ ಕೆದಕುವಾಗ ಬರಿಗೈ ಹಾಕಬೇಡಿ. ಕತ್ತರಿಸುವಾಗ ಕನ್ನಡಕ ಹಾಕಿ, ಬೆಸುಗೆ ಹಾಕುವಾಗ ಕಿಟಕಿ ತೆರೆದಿಡಿ. ಸೀಸ ಮುಟ್ಟಿದ ಕೈ ತೊಳೆಯದೆ ಕಾಫಿ ಲೋಟ ಹಿಡಿಯಬೇಡಿ.

ಬೇರೆಯವರ ವಿನ್ಯಾಸದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಕಲಿಯಲು ನಕಲು ಮಾಡುವುದು ಎಲ್ಲ ಕಲೆಯಲ್ಲೂ ಇದ್ದದ್ದೇ. ಮಾರಲು ಹೊರಟರೆ ಲೆಕ್ಕ ಬೇರೆ. ಭಾರತದಲ್ಲಿ ಕಲಾವಿದರು ತೀರಿಹೋದ ಮೇಲೂ 60 ವರ್ಷ ಅವರ ಕೃತಿಗೆ ಹಕ್ಕು ಇರುತ್ತದೆ. ಇಂಟರ್‌ನೆಟ್ಟಿನಲ್ಲಿ ಬಿಟ್ಟಿ ಸಿಕ್ಕ ನಮೂನೆ ಅಂದರೆ ಮಾರಾಟಕ್ಕೂ ಬಿಟ್ಟಿ ಅಂತಲ್ಲ, ಕೆಳಗೆ ಬರೆದ ಷರತ್ತು ಓದಿ. ಕಸೂತಿ, ರಂಗೋಲಿಗೆ ಒಬ್ಬ ಒಡೆಯ ಇಲ್ಲ. ಆದರೂ ತೊಗಲುಗೊಂಬೆ ಕಲಾವಿದರೊಬ್ಬರ ಗೊಂಬೆ ನೋಡಿ ಫಲಕ ಮಾಡಿದರೆ ಅವರನ್ನು ಕೇಳಿ, ಹೆಸರು ಹೇಳಿ.

ಕತ್ತರಿಸುವ ಮುಂಚೆ ಕಿಟಕಿಗೆ ಅಂಟಿಸಿ

ಕೊನೆಯ ಹೆಜ್ಜೆ ಅಗ್ಗದ್ದು, ಆದರೆ ಹೆಚ್ಚಿನವರು ಹಾರಿಸಿಬಿಡುತ್ತಾರೆ. ಸ್ಟೇಷನರಿ ಅಂಗಡಿಯಿಂದ ಒಂದು ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ), ನಾಲ್ಕೈದು ಬಣ್ಣದ ಜೆಲಟಿನ್ ಪೇಪರ್ ತನ್ನಿ. ಶೀಟಿನ ಮೇಲೆ ದಪ್ಪ ಕಪ್ಪು ಮಾರ್ಕರಿನಲ್ಲಿ ನಿಮ್ಮ ಗೆರೆಗಳನ್ನು ಎಳೆಯಿರಿ. ಹಿಂದಿನಿಂದ ಬಣ್ಣದ ಪೇಪರ್ ಕತ್ತರಿಸಿ ಅಂಟಿಸಿ. ಓಪಲ್ ಗಾಜು ಬರುವ ಕಡೆ ಬಣ್ಣದ ಹಿಂದೆ ಒಂದು ತುಂಡು ಟ್ರೇಸಿಂಗ್ ಪೇಪರ್ ಸೇರಿಸಿದರೆ ಹೆಚ್ಚುಕಡಿಮೆ ಅದೇ ಮಬ್ಬು ಬರುತ್ತದೆ. ಇದನ್ನು ಮೊದಲೇ ಗೊತ್ತು ಮಾಡಿದ ಕಿಟಕಿಗೆ ಅಂಟಿಸಿ ಒಂದು ವಾರ ಬಿಡಿ.

ಹೋಗುತ್ತಾ ಬರುತ್ತಾ ನೋಡಿ. ಕೋಣೆಯ ಆ ತುದಿಯಿಂದ ಹಕ್ಕಿ ಹಕ್ಕಿಯಂತೆ ಕಾಣುತ್ತದೆಯೇ, ಇಲ್ಲಾ ಮಾವಿನಕಾಯಿಯಂತೆಯೇ? ಯಾವ ಬಣ್ಣ ಉಳಿದದ್ದನ್ನೆಲ್ಲ ನುಂಗುತ್ತಿದೆ? ಮೋಡ ಕವಿದ ದಿನ ಏನು ಉಳಿಯುತ್ತದೆ? ಮನೆಯವರನ್ನೂ ಕೇಳಿ, ಆದರೆ ‘ಚೆನ್ನಾಗಿದೆಯಾ’ ಅಂತ ಕೇಳಬೇಡಿ, ‘ಇದೇನು ಕಾಣಿಸುತ್ತೆ’ ಅಂತ ಕೇಳಿ. ಮಕ್ಕಳ ಉತ್ತರ ನಂಬಬಹುದು, ಅವರಿಗೆ ದಾಕ್ಷಿಣ್ಯ ಕಡಿಮೆ. ಹಿಡಿಸದ ಬಣ್ಣ ಕಿತ್ತು ಬೇರೆ ಅಂಟಿಸಿ, ಬೇಡದ ಗೆರೆ ಸ್ಪಿರಿಟ್‌ನಲ್ಲಿ ಒರೆಸಿ. ವಾರ ಕಳೆದ ಮೇಲೂ ಹಿಡಿಸಿದರೆ ಗಾಜು ತನ್ನಿ. ಅಷ್ಟರಲ್ಲೇ ಬೇಜಾರು ಬಂದರೆ ಶೀಟು ತೆಗೆದು ಫೈಲಿಗೆ ಸೇರಿಸಿ, ಹಿಂದೆ ದಿನಾಂಕ ಮತ್ತು ಯಾವ ಕಿಟಕಿ ಅಂತ ಬರೆದಿಡಿ. ಪಡುವಣ ಕಿಟಕಿಯಲ್ಲಿ ಸೋತ ಚಿತ್ರ ಮೂಡಣ ಕಿಟಕಿಯಲ್ಲಿ ನಿಲ್ಲಬಹುದು.